ಮೂರನೆಯ ತಿರುವಿನ ಥೆಲ್ಮಾ

ಥೆಲ್ಮಾಳ ಅಜ್ಜ ಎಬನೇಜರ್ ಕ್ರೋಸನ್ ಜೌಗು ನೆಲಕ್ಕೆ ಕಾಲುವೆ ತೋಡಿದವನು. ಸ್ಕೆಲ್‌ಬಿ ಊರಿನ ಮೂಡಲಿಗೆ ಇವತ್ತು ಕೋಸು, ಬೀಟ್ರೂಟು ಬೆಳೆಯುವ ಕರಿ ಭೂಮಿ ಅವನ ಕಾಲಕ್ಕೆ ಮೊಣಕಾಲುದ್ದ ಕೆಸರಾಗಿತ್ತು. ಆ ನೀರನ್ನು ಸಮುದ್ರಕ್ಕೆ ಅಟ್ಟಿದವರಲ್ಲಿ ಅವನೊಬ್ಬ. ಅವನ ಸಲಿಕೆಯ ಹಿಡಿ ಅಂಗೈಯ ಆಕಾರಕ್ಕೇ ಸವೆದು, ಬೇರೆಯವರು ಹಿಡಿದರೆ ಕೂರುತ್ತಿರಲಿಲ್ಲವಂತೆ.

ಅವನ ಮಗ ವಾಲ್ಟರ್ ರೈಲು ಇಂಜಿನ್ನುಗಳ ಒಲೆಯಿಂದ ಬೂದಿ ಬಾಚುವ ಕೆಲಸದವನು. ಮೋಟಾರು ಬೈಕಿನ ಪಂದ್ಯ ಆಡಿಸುತ್ತೇನೆಂದು ಯಾರೋ ಒಬ್ಬ ಊರಾಚೆಯ ಆಲೂಗೆಡ್ಡೆ ಹೊಲವನ್ನು ಬಾಡಿಗೆಗೆ ಹಿಡಿದಾಗ, ಊರು ನಕ್ಕಿತು, ವಾಲ್ಟರ್ ನಗಲಿಲ್ಲ. ಕೆಲಸ ಬಿಟ್ಟ ಮೇಲೆ ಸಂಜೆ ಸಂಜೆ ತಳ್ಳುಗಾಡಿಯಲ್ಲಿ ಬೂದಿ ತುಂಬಿ ತಂದು, ಹೊಲದ ನಡುವೆ ಮೊಟ್ಟೆಯಾಕಾರದ ಹಾದಿ ಹಾಸಿ, ಹಲಗೆಯಿಂದ ತಟ್ಟಿ ಗಟ್ಟಿ ಮಾಡಿದ. ಸ್ಕೆಲ್‌ಬಿಯ ಮೊದಲ ಸ್ಪೀಡ್‌ವೇ ಹಾದಿ ಅದೇ.

ವಾಲ್ಟರನ ಹೆಂಡತಿ ಆಲಿವ್, ಯುದ್ಧ ಮುಗಿದ ವರ್ಷ, ಬಾಂಬಿನ ಭಯಕ್ಕೆ ಕಿಟಕಿಗೆ ಕಟ್ಟಿದ್ದ ಕಪ್ಪು ಪರದೆಗಳನ್ನು ಬಿಚ್ಚಿ ಸವಾರರಿಗೆ ಎದೆಯಂಗಿ ಹೊಲಿದಳು. ಒಂದೊಂದರ ಮೇಲೂ ಹಾಸಿಗೆ ಬಟ್ಟೆಯಿಂದ ಕತ್ತರಿಸಿದ ಬಿಳಿ ಕೊಕ್ಕರೆ. ಕೊನೆಯ ಅಂಗಿಗೆ ಬಟ್ಟೆ ಸಾಲದೆ ಕೊಕ್ಕರೆಗೆ ಒಂದೇ ಕಾಲು ಬಂತು. ಅದನ್ನು ತೊಟ್ಟವನೇ ಆ ವರ್ಷ ಎಲ್ಲರಿಗಿಂತ ಹೆಚ್ಚು ಗೆದ್ದ. ಅಂದಿನಿಂದ ನಮ್ಮ ಪಡೆಯ ಗುರುತು ಒಂಟಿಕಾಲ ಕೊಕ್ಕರೆ.

ಅಜ್ಜ ನೆಲ ಕೊಟ್ಟ, ಅಪ್ಪ ಹಾದಿ ಕೊಟ್ಟ, ಅಮ್ಮ ಕೊಕ್ಕರೆ ಕೊಟ್ಟಳು. ಥೆಲ್ಮಾ ತನ್ನ ಶನಿವಾರಗಳನ್ನೆಲ್ಲ ಕೊಟ್ಟಳು. ಕೊನೆಗೆ ಗಂಡನನ್ನೂ ಕೊಟ್ಟಳು. ಆ ಗಂಡನಿಗೆ ಏನಾಯಿತು ಎನ್ನುವುದನ್ನು ನೆನೆದರೆ ಇವತ್ತಿಗೂ ನನ್ನ ಬಾಯಿಯ ಪಸೆ ಆರುತ್ತದೆ.

ಸ್ಪೀಡ್‌ವೇ ಎಂದರೆ ನಾಲ್ಕು ಬೈಕು, ನಾಲ್ಕು ಸುತ್ತು. ಬೈಕಿಗೆ ಬ್ರೇಕಿಲ್ಲ, ಗೇರೂ ಒಂದೇ. ತಿರುವು ಬಂದಾಗ ಸವಾರ ಹಿಂದಿನ ಚಕ್ರವನ್ನು ಬೇಕೆಂತಲೇ ಜಾರಿಸಿ, ಎಡಗಾಲಿನ ಕಬ್ಬಿಣದ ಮೆಟ್ಟನ್ನು ನೆಲಕ್ಕೆ ಉಜ್ಜುತ್ತ, ಏಡಿಯ ಹಾಗೆ ಅಡ್ಡಡ್ಡಲಾಗಿ ಹೋಗುತ್ತಾನೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಮುಗಿಯಿತು, ಟ್ರ್ಯಾಕ್ಟರು ಬಂದು ಹಾದಿ ಹರಗುತ್ತದೆ, ಮತ್ತೆ ನಾಲ್ವರು. ವಾಲ್ಟರನ ಬೂದಿಯ ಹಾದಿ ಹೋಗಿ ಯಾವ ಕಾಲವಾಯಿತೋ. ಆಮೇಲೆ ಬಂದದ್ದು ಶೇಲ್ ಎಂಬ ಬಂಡೆಯನ್ನು ಪುಡಿಮಾಡಿದ ಕೆಂಪು ನೊರಜು. ಜಾರುವ ಚಕ್ರ ಆ ನೊರಜನ್ನು ಬಾಚಿ ಬೇಲಿಯಾಚೆ ಎರಚುತ್ತದೆ. ಬುದ್ಧಿ ಇದ್ದವರು ಗಾಜಿನ ಹಿಂದೆ ಕುರ್ಚಿಯಲ್ಲಿ ಕೂರುತ್ತಾರೆ. ನಾವು ಮೂರನೆಯ ತಿರುವಿನ ಮೆಟ್ಟಿಲ ಮೇಲೆ ನಿಂತು ಎರಚಲು ತಿನ್ನುತ್ತಿದ್ದೆವು.

ಅದು ನಮ್ಮ ಕಟ್ಟೆಯ ಪದ್ಧತಿ. ಬೈಕುಗಳು ತಿರುವಿಗೆ ಬರುವ ಸದ್ದಾದಾಗ ಎಡಗೈ ತಾನಾಗಿ ಹೋಗಿ ಚಹಾ ಕಪ್ಪನ್ನು ಮುಚ್ಚಬೇಕು. ಮುಖವನ್ನು ಮಾತ್ರ ತಿರುಗಿಸಕೂಡದು. ಮುಖ ತಿರುಗಿಸಿದವನನ್ನು ಗಾಜಿನ ಹಿಂದಿನವನೆಂದು ಹಂಗಿಸುತ್ತಿದ್ದೆವು. ಥೆಲ್ಮಾ ಕಪ್ಪಿನತ್ತ ನೋಡದೆಯೇ ಮುಚ್ಚುತ್ತಿದ್ದಳು. ಹಲ್ಲು ಮೂಡುವ ಮುಂಚೆ ನೊರಜು ಅಗಿದವಳು; ಕೈಗೂಸಾಗಿ ಅವ್ವನ ಕಂಕುಳಲ್ಲಿ ಅಲ್ಲೇ ನಿಂತವಳು.

ಹದಿಹರೆಯದಲ್ಲಿ ಬಟಾಣಿ ಡಬ್ಬಿ ತುಂಬುವ ಕಾರ್ಖಾನೆಗೆ ಸೇರಿದಳು. ಒಂದು ಶನಿವಾರ ಪಕ್ಕದಲ್ಲಿ ನಿಂತಿದ್ದ ಒಬ್ಬ ಉದ್ದನೆಯ ಹುಡುಗ, ಎರಚಲು ಬರುವಾಗ ತನ್ನ ಟೊಪ್ಪಿಯನ್ನು ಅವಳ ಮುಖಕ್ಕೆ ಅಡ್ಡ ಹಿಡಿದ.

“ತೆಗಿಯಪ್ಪಾ ನಿನ್ ಟೊಪ್ಪಿ. ನಾನು ದುಡ್ಡು ಕೊಟ್ಟು ಬಂದಿರೋದೇ ಇದಕ್ಕೆ” ಅಂದಳು ಥೆಲ್ಮಾ.

“ಕಣ್ಣಿಗೆ ಬೀಳತ್ತೆ ಅಂತ...”

“ಕಣ್ಣು ನಂದು.”

ಆ ಹುಡುಗನೇ ಸಿರಿಲ್ ಪಿಂಚ್‌ಬೆಕ್. ಸಕ್ಕರೆ ಕಾರ್ಖಾನೆಗೆ ಬೀಟ್ರೂಟು ಲಾರಿ ಓಡಿಸುವವನು. ಅಂದು ಮೆಟ್ಟಿಲು ಹತ್ತುವಾಗ ಅಪರಿಚಿತನಾಗಿದ್ದವನು ಸುಗ್ಗಿಯೊಳಗೆ ಗಂಡನಾದ. ಅವರ ಬಲಕ್ಕೆ ಬೇಲಿಯ ಕಂಬ, ಎಡಕ್ಕೆ ನಾನು. ನನ್ನ ಹೆಸರು ಹರ್ಬಿ. ಈ ಕತೆಯಲ್ಲಿ ನನ್ನ ಪಾಲು ಕಾರು ಓಡಿಸಿದ್ದಷ್ಟೇ.

ಸಿರಿಲ್ ಒಬ್ಬನೇ ಕಪ್ಪು ಮುಚ್ಚುತ್ತಿರಲಿಲ್ಲ. ಚಹಾದೊಳಗೆ ನೊರಜು ಬಿದ್ದರೆ, “ಸಕ್ಕರೆ ಅಂದ್ಕೊಂಡ್ರೆ ಸಕ್ಕರೆ” ಎಂದು ಗುಟುಕರಿಸುವನು. ಸಾಧು ಮನುಷ್ಯ. ನಾಯಿಗೆ ಹಚಾ ಅಂದವನಲ್ಲ. ಆದರೆ ಹಾಲ್‌ಮಾರ್ಶ್ ಎಂಬ ಹೆಸರು ಕಿವಿಗೆ ಬಿದ್ದರೆ ಮೈಮೇಲೆ ಬಂದವರ ಹಾಗಾಡುತ್ತಿದ್ದ.

ಹಾಲ್‌ಮಾರ್ಶ್ ನಮ್ಮ ಪಕ್ಕದ ಊರು, ಅವರ ಪಡೆಯ ಗುರುತು ನರಿ, ಬಣ್ಣ ಕಿತ್ತಳೆ. ನರಿಗೂ ಕೊಕ್ಕರೆಗೂ ಎಂದಾದರೂ ಕೂಡಿಬಂದದ್ದುಂಟೇ? ಸಿರಿಲ್ ತನ್ನ ಲಾರಿಯನ್ನು ಆ ಊರಿನೊಳಗೆ ಹಾಯಿಸಿದವನಲ್ಲ. ಕಾಲುವೆ ಏರಿಯ ಮೇಲೆ ಅರ್ಧ ಜಿಲ್ಲೆ ಸುತ್ತಿ ಕಾರ್ಖಾನೆ ಮುಟ್ಟುತ್ತಿದ್ದ. ಧಣಿ ಬೈದರೂ ಸರಿ. ಮನೆಯಲ್ಲಿ ಕ್ಯಾರೆಟ್ ಬೇಯಿಸಿದರೆ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. “ಇದು ನರಿಗಳ ಊಟ ಕಣೇ, ನನಗ್ಯಾಕೆ ಬಡಿಸ್ತೀಯ?”

“ತಿನ್ನು ಸಾಕು. ಕ್ಯಾರೆಟ್ ಯಾವತ್ತು ಬೈಕ್ ಓಡಿಸಿತ್ತು?” ಎನ್ನುವಳು ಥೆಲ್ಮಾ. ಆದರೂ ಕಿತ್ತಳೆ ಬಣ್ಣದ ಒಂದು ನೂಲೂ ಆ ಮನೆಯ ಹೊಸಿಲು ದಾಟಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರು ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಶನಿವಾರ ರಾತ್ರಿ ಮನೆಗೆ ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಇಬ್ಬರೂ ಮಫ್ಲರು ಕೊಡವುತ್ತಿದ್ದರು. ವರ್ಷ ವರ್ಷ ಕೊಡವಿದ ನೊರಜು ಸೇರಿ ಆ ಮೆಟ್ಟಿಲ ಬುಡದಲ್ಲಿ ಒಂದು ಕೆಂಪು ಪಟ್ಟೆಯೇ ಆಗಿತ್ತು. ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ.

ಸಿರಿಲ್ ಒಂದು ಚಳಿಗಾಲದಲ್ಲಿ ಎದೆಯ ಕಾಯಿಲೆಯಿಂದ ಹೋದ. ಹೋಗುವ ಮುಂಚೆ ಹೆಂಡತಿಯನ್ನು ಕೇಳಿದ್ದು ಒಂದೇ: ತನ್ನ ಬೂದಿಯನ್ನು ಮೂರನೆಯ ತಿರುವಿಗೆ ಹಾಕಬೇಕು. ಇದೇನು ಹೊಸ ಮಾತಲ್ಲ. ನಮ್ಮ ಹಾದಿಗಳಲ್ಲಿ ಹಾಗೆ ಸೇರಿಹೋದವರು ಎಷ್ಟೋ ಮಂದಿ. ಪಂದ್ಯಗಳ ಋತುವಿನ ಮೊದಲ ಶನಿವಾರ, ಜನ ಬರುವ ಮುಂಚೆ, ಹಾದಿ ನೋಡಿಕೊಳ್ಳುವ ಹೆಡ್ಲಿ ಟೊಪ್ಪಿ ತೆಗೆದು ನಿಂತ. ಥೆಲ್ಮಾ ಬೂದಿಯನ್ನು ಹೊಲಕ್ಕೆ ಬೀಜ ಚೆಲ್ಲುವ ಹಾಗೆ ಚೆಲ್ಲಿದಳು. ಹೆಡ್ಲಿ ಮಣ್ಣು ಹರಗುವ ಹಲುಬೆಯನ್ನು ಕೈಯಾರೆ ಎಳೆದು ನೊರಜಿನೊಳಗೆ ಸೇರಿಸಿದ. ಅವಳು ಅಳಲಿಲ್ಲ.

ಅಂದಿನ ಮೊದಲ ಓಟದಲ್ಲಿ ನಮ್ಮ ಸವಾರ ಮೂರನೆಯ ತಿರುವಿಗೆ ಬಂದು ಚಕ್ರ ಜಾರಿಸಿದ್ದೇ ತಡ, ಒಂದು ಬೊಗಸೆ ನೊರಜು ಹಾರಿಬಂದು ನೇರ ಥೆಲ್ಮಾಳ ಮುಖಕ್ಕೆ ಬಡಿಯಿತು. ಮೆಟ್ಟಿಲ ಮೇಲಿದ್ದವರೆಲ್ಲ ಉಸಿರು ಹಿಡಿದರು. ಅವಳು ಮುಖ ಒರೆಸಿಕೊಂಡು ಜೋರಾಗಿ ನಕ್ಕಳು.

“ನೋಡು ಹರ್ಬಿ, ಸತ್ರೂ ಬಿಡ್ಲಿಲ್ಲ ಇವನು, ನನ್ನ ಮೇಲೆ ಮಣ್ಣು ಎರಚೋದನ್ನ!”

ಆಗ ನಾವೆಲ್ಲ ನಕ್ಕೆವು, ಆಗ ನಾವೆಲ್ಲ ಅತ್ತೆವು. ಆಮೇಲೆ ಪ್ರತಿ ಶನಿವಾರ ಮೊದಲ ಎರಚಲು ಬಂದಾಗ ಕಟ್ಟೆಯ ಮೇಲಿನವರು “ಬಂದೆಯಾ ಸಿರಿಲ್?” ಎಂದು ಕೂಗುವ ಪದ್ಧತಿಯೇ ಆಯಿತು.

ಇನ್ನು ಕೆಟ್ಟದ್ದನ್ನು ಹೇಳಬೇಕು.

ನಾನು ಚಿಕ್ಕವನಿದ್ದಾಗ ಆ ಕಟ್ಟೆಯ ಮೇಲೆ ಜೇಬಿಗೆ ಕೈ ಹಾಕಿದರೆ ಪಕ್ಕದವನ ಜೇಬಿಗೆ ಹೋಗುತ್ತಿತ್ತು, ಅಷ್ಟು ಜನ. ಹಳ್ಳಿ ಹಳ್ಳಿಯಿಂದ ಬಸ್ಸು ಬರುತ್ತಿದ್ದವು. ಮೊದಲು ಬಸ್ಸು ನಿಂತವು. ಆಮೇಲೆ ವಾದ್ಯದವರು ನಿಂತರು. ಚಹಾದ ಗುಡಿಸಲಿಗೆ ಬೀಗ ಬಿತ್ತು. ಸವಾರರೋ, ನಿನ್ನೆ ನಮ್ಮ ಕೊಕ್ಕರೆ ತೊಟ್ಟವನು ನಾಳೆ ಇನ್ನೊಂದೂರಿನ ಹುಲಿ ತೊಡುವನು, ಮಂಗಳವಾರ ಪೋಲೆಂಡಿಗೆ ವಿಮಾನ ಹತ್ತುವನು. ಅಲ್ಲಿ ಕ್ರೀಡಾಂಗಣ ತುಂಬುತ್ತದಂತೆ. ಇಲ್ಲಿ ಬೇಲಿಯಾಚೆ ಹೊಸ ಮನೆಗಳು ಎದ್ದವು. ಹಾದಿಯ ಪಕ್ಕ ಮನೆ ಕೊಂಡವರು ಹಾದಿಯ ಸದ್ದಿನ ಮೇಲೆ ದೂರು ಕೊಟ್ಟರು. ಕಮ್ಮಾರನ ಕುಲುಮೆ ಪಕ್ಕ ತೊಟ್ಟಿಲು ಕಟ್ಟಿ, ಸುತ್ತಿಗೆ ಸುಮ್ಮನಿರಬೇಕು ಅಂದ ಹಾಗೆ.

ಒಬ್ಬೊಬ್ಬರಾಗಿ ಕಡಿಮೆಯಾದರೆ ಕಣ್ಣಿಗೆ ಕಾಣುವುದಿಲ್ಲ. ಉಳಿದವರು ಒತ್ತಿಕೊಂಡು ನಿಂತೆವು, ಬೆಚ್ಚಗೇ ಇತ್ತು. ಥೆಲ್ಮಾ ಒಮ್ಮೆ ಹೇಳಿದಳು: “ಸಾಯೋ ಮನುಷ್ಯ ಕೆಮ್ತಾನೆ, ನರಳ್ತಾನೆ, ನಮಗೆ ಗೊತ್ತಾಗತ್ತೆ. ಇದು ನಗ್ತಾ ನಗ್ತಾನೇ ತೆಳ್ಳಗಾಗ್ತಿದೆ ಹರ್ಬಿ.” ಅವಳ ಮಾತಿಗೆ ನಾನು ಏನೋ ತಮಾಷೆ ಮಾಡಿದೆ.

ಅಕ್ಟೋಬರಿನ ಕೊನೆಯ ಪಂದ್ಯದ ದಿನ ಅದು ಕೊನೆಯದೆಂದು ಯಾರೂ ಹೇಳಲಿಲ್ಲ. “ಮಾರ್ಚಿಗೆ ಸಿಗೋಣ” ಎಂದು ಕೈ ಕುಲುಕಿ ಹೋದೆವು. ಫೆಬ್ರವರಿಯಲ್ಲಿ, ಒಂದು ಬುಧವಾರ, ಬೇಕರಿಯ ಸಾಲಿನಲ್ಲಿ ನಿಂತಿದ್ದಾಗ ಸುದ್ದಿ ಸಿಕ್ಕಿತು: ಮೈದಾನದ ಒಡೆಯ ನೆಲ ಮಾರಿದ್ದಾನೆ, ಅಲ್ಲಿ ಮನೆ ಏಳುತ್ತವೆ. ರೊಟ್ಟಿ ಕೊಳ್ಳದೆಯೇ ಸಾಲು ಬಿಟ್ಟೆ. ನೇರ ಥೆಲ್ಮಾಳ ಮನೆಗೆ ಓಡಿದೆ. ಅವಳು ಅಡುಗೆಮನೆಯಲ್ಲಿ ನಿಂತಿದ್ದಳು. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು.

“ಮನೆ ಕಟ್ತಾರಂತೆ” ಅಂದೆ.

“ಕಟ್ಲಿ. ಸಿರಿಲ್‌ನ ಮೇಲೆ ಯಾರ್ದೋ ಬಚ್ಚಲುಮನೆ ಬರೋದು ಬೇಡ. ಕಾರ್ ತಗೊಂಡು ಬಾ.”

ಸಿಂಕಿನ ಕೆಳಗಿಂದ ಒಂದು ತಗಡಿನ ಬಕೆಟ್ ಎಳೆದಳು, ಹೂಕುಂಡಕ್ಕೆ ಮಣ್ಣು ತುಂಬುವ ಕೈಸಲಿಕೆ ತೆಗೆದುಕೊಂಡಳು. ಮೂರನೆಯ ತಿರುವಿನ ಒಂದು ಬಕೆಟ್ ನೊರಜು. ಅಷ್ಟು ಮನೆಗೆ ತಂದು ಹಿತ್ತಿಲ ಮೆಟ್ಟಿಲ ಬುಡದ ಆ ಕೆಂಪು ಪಟ್ಟೆಗೆ ಸುರಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ದಾರಿಯುದ್ದಕ್ಕೂ ಬಕೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಹಸುಗೂಸನ್ನು ಇಟ್ಟುಕೊಂಡ ಹಾಗೆ.

ಗೇಟು ತೆರೆದೇ ಇತ್ತು. ಕಟ್ಟೆ ಇತ್ತು, ಬೇಲಿ ಇತ್ತು, ಓಟ ಶುರುಮಾಡಲು ಅಡ್ಡ ಕಟ್ಟಿದ ಟೇಪು ಎತ್ತುವ ಕಂಬ ಇತ್ತು. ಕೆಂಪು ಇರಲಿಲ್ಲ.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಹಾದಿ ಇದ್ದ ಕಡೆ ಬೂದುಬಣ್ಣದ ಜೇಡಿ, ಅದರಲ್ಲಿ ಲಾರಿ ಚಕ್ರದ ಆಳವಾದ ಗೀರು, ಗೀರಿನಲ್ಲಿ ಮಳೆನೀರು. ಚರ್ಮ ಸುಲಿದ ದನದ ಹಾಗೆ ಬಿದ್ದಿತ್ತು ಮೈದಾನ. ನಾವು ನಿಂತ ಕಡೆ ನೊರಜನ್ನು ಒಂದು ಹಿಡಿಯೂ ಬಿಡದೆ ಕೆರೆದು ಒಯ್ದಿದ್ದರು. ಥೆಲ್ಮಾ ಮೂರನೆಯ ತಿರುವಿನ ಬೇಲಿಯವರೆಗೆ ನಡೆದಳು, ಒಳಗೆ ಇಣುಕಿದಳು, ಹಾಗೇ ನಿಂತಳು.

ಆಚೆ ಮೂಲೆಯಿಂದ ಹೆಡ್ಲಿ ಬಂದ. ಬದುಕೆಲ್ಲ ಆ ಹಾದಿಯನ್ನು ಹರಗಿದವನು, ಈಗ ಕೈಯಲ್ಲಿ ಹಲುಬೆ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕಂಡ.

“ಥೆಲ್ಮಾ, ನಾನೇ ನಿಮ್ಮನೇಗೆ ಬರೋನಿದ್ದೆ.”

“ನೊರಜು ಎಲ್ಲಿ ಹೆಡ್ಲಿ?”

“ಮಾರಿದ್ರು. ಒಳ್ಳೆ ನೊರಜು ಈಗ ಎಲ್ಲೂ ಸಿಗಲ್ಲ. ಮುಚ್ಚಿದ ಹಾದೀದನ್ನ ಉಳಿದ ಹಾದಿಯವರು ಎತ್ಕೊಂಡು ಹೋಗ್ತಾರೆ, ನಿಮಗೂ ಗೊತ್ತಲ್ಲ.”

“ಗೊತ್ತು. ಮೂರನೇ ತಿರುವು?”

ಹೆಡ್ಲಿ ತಲೆ ಎತ್ತಲಿಲ್ಲ. “ಬಿಡಬೇಕು ಅಂತ ಹೇಳಿದ್ದೆ. ದೇವರಾಣೆ ಹೇಳಿದ್ದೆ. ‘ಮೂರನೇ ತಿರುವು ಮುಟ್ಟಬೇಡ, ಅಲ್ಲಿ ನಮ್ಮ ಜನ ಇದ್ದಾರೆ’ ಅಂತ ಅಗೆಯೋ ಗಾಡಿಯವನಿಗೆ ಒತ್ತಿ ಹೇಳಿದ್ದೆ. ಅವನೂ ಪಾಪ, ಮಾತು ಕೇಳಿದ. ಬಿಟ್ಟಿದ್ದಾನೆ. ಅಲ್ಲಿ ನೋಡಿ.”

ಅವನು ತೋರಿಸಿದ ಕಡೆ ನೋಡಿದೆವು. ಮೈದಾನದ ಆ ತುದಿಯಲ್ಲಿ, ಮೊದಲನೆಯ ತಿರುವಿನಲ್ಲಿ, ಕೇಕಿನ ಒಂದು ತುಂಡು ಉಳಿಸಿಟ್ಟ ಹಾಗೆ ಕೆಂಪು ನೊರಜು ಅಂಚು ಕಟ್ಟಿ ನೀಟಾಗಿ ಕುಳಿತಿತ್ತು.

ನಮ್ಮಲ್ಲಿ ತಿರುವು ಎಣಿಸುವುದು ಓಟ ಶುರುವಾಗುವ ಗೆರೆಯಿಂದ. ಅಗೆಯುವ ಗಾಡಿಯವನು ಒಂದು ಓಟವನ್ನೂ ನೋಡಿದವನಲ್ಲ. ಹಿಂಬದಿಯಲ್ಲಿ ಬೈಕುಗಳು ಒಳಬರುವ ಗೇಟಿನಿಂದ ಅವನ ಗಾಡಿ ಒಳಬಂತು; ಅಲ್ಲಿಂದಲೇ ಒಂದು, ಎರಡು, ಮೂರು ಎಣಿಸಿದ. ಹೆಡ್ಲಿಗೆ ಮೂರನೆಯ ತಿರುವೆಂದರೆ ಜಗತ್ತಿನಲ್ಲಿ ಒಂದೇ. ಅದಕ್ಕೆ ಬೆರಳು ಮಾಡಿ ತೋರಿಸಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯುತ್ತಿರಲಿಲ್ಲ.

“ಅದನ್ನೇ ಒಂದು ಬಕೆಟ್ ತಗೊಳ್ಳಿ ಥೆಲ್ಮಾ” ಎಂದ ಹೆಡ್ಲಿ. “ಇಷ್ಟು ವರ್ಷ ನಾನು ಹಲುಬೆ ಎಳೆದಿದ್ದೀನಿ. ಎಲ್ಲಾ ಕಡೆಗೂ ಸ್ವಲ್ಪ ಸ್ವಲ್ಪ ಹರಡಿರ್ತಾನೆ ಸಿರಿಲ್.”

“ಸಿರಿಲ್ ಹುಟ್ಟಿದಾಗಿಂದ ಒಂದು ದಿನ ಮೊದಲನೇ ತಿರುವಿಗೆ ಹೋಗಿ ನಿಂತೋನಲ್ಲ. ಸತ್ತ ಮೇಲೆ ಹೋಗ್ತಾನಾ?” ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. “ಯಾರು ತಗೊಂಡ್ರು?”

ಹೆಡ್ಲಿ ನನ್ನ ಮುಖ ನೋಡಿದ. ನಾನು ಬೇಲಿ ನೋಡಿದೆ.

“ಯಾರು ಹೆಡ್ಲಿ?”

“ಹಾಲ್‌ಮಾರ್ಶ್‌ನೋರು.”

ಕೈಸಲಿಕೆ ಥೆಲ್ಮಾಳ ಬೆರಳಿನಿಂದ ಜಾರಿ ಜೇಡಿಯಲ್ಲಿ ನೆಟ್ಟಗೆ ನಾಟಿತು. ಜೀವಮಾನವೆಲ್ಲ ಅರ್ಧ ಜಿಲ್ಲೆ ಸುತ್ತಿ ಆ ಊರನ್ನು ತಪ್ಪಿಸಿಕೊಂಡವನು! ಅವನನ್ನು ಲಾರಿಯಲ್ಲಿ ಹೇರಿ, ನೇರ ರಸ್ತೆಯಲ್ಲೇ ಒಯ್ದು, ನರಿಗಳ ಕಾಲಡಿ ಸುರಿದಿದ್ದರು.

“ಕ್ಯಾರೆಟ್ ತಿಂತಿರಲಿಲ್ಲ ಅವನು” ಎಂದಳು ಕೊನೆಗೆ. ಅಷ್ಟೇ ಅಂದಳು.

ಅದಾದ ಮೇಲೆ ಥೆಲ್ಮಾ ಬಾಗಿಲು ತೆರೆಯಲಿಲ್ಲ. ನಾನು ಕಿಟಕಿ ತಟ್ಟಿದರೆ ಒಳಗಿಂದಲೇ, “ಇದೀನಿ, ಹೋಗು” ಎನ್ನುವಳು. ಮಾರ್ಚಿನ ಶನಿವಾರಗಳು ಬಂದವು, ಹೋದವು. ಏನು ಮಾಡಬೇಕೆಂದು ತೋಚದೆ ನಾನು ಮನೆಯಲ್ಲೇ ಗೋಡೆ ನೋಡುತ್ತ ಕೂತೆ. ಶನಿವಾರ ಸಂಜೆ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೀಗಿರಲು ಗುಡ್ ಫ್ರೈಡೇ ಬೆಳಿಗ್ಗೆ ಅವಳೇ ನನ್ನ ಬಾಗಿಲಲ್ಲಿ ನಿಂತಿದ್ದಳು. ಕೊರಳಿಗೆ ಕಪ್ಪು ಬಿಳುಪು ಮಫ್ಲರು, ಎದೆಯ ಮೇಲೆ ಒಂಟಿಕಾಲ ಕೊಕ್ಕರೆ, ಕೈಯಲ್ಲಿ ಅದೇ ಬಕೆಟ್, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ, ಆ ಹಬ್ಬಕ್ಕೆಂದು ಮಾಡುವ ಶಿಲುಬೆ ಗುರುತಿನ ಬನ್ನು.

“ಇವತ್ತು ಹಾಲ್‌ಮಾರ್ಶ್‌ನಲ್ಲಿ ಈ ವರ್ಷದ ಪಂದ್ಯ ಶುರು. ಕಾರ್ ತೆಗಿ.”

“ಅಲ್ಲಿಗಾ? ಆ ಮಫ್ಲರ್ ಹಾಕ್ಕೊಂಡಾ?”

“ಇನ್ಯಾವುದು ಹಾಕ್ಕೊಳ್ಲಿ? ನನ್ ಗಂಡನ್ನ ನೋಡೋಕೆ ಹೋಗ್ತಿರೋದು ಕಣೋ.”

ಕಾಲುವೆ ಏರಿಯ ತಿರುವು ಬಂದಾಗ ಅಭ್ಯಾಸಬಲದಿಂದ ಸ್ಟಿಯರಿಂಗ್ ಎಡಕ್ಕೆ ಹೋಯಿತು. “ನೇರ ಹೋಗು” ಅಂದಳು. “ಅವನೇ ಈ ದಾರೀಲಿ ಹೋದ ಮೇಲೆ ನಮ್ಮದೇನು.”

ಹಾಲ್‌ಮಾರ್ಶಿನ ಗೇಟಿನಲ್ಲಿ ಆ ಹಾದಿ ನಡೆಸುವ ನೋಯೆಲ್ ಸ್ಕ್ರಿಮ್ಶಾ ಸ್ವತಃ ಕಾದು ನಿಂತಿದ್ದ. ದಪ್ಪನೆಯ ಮನುಷ್ಯ, ಕಿತ್ತಳೆ ಟೈ. ಹೆಡ್ಲಿ ಫೋನು ಮಾಡಿ ಎಲ್ಲ ಹೇಳಿದ್ದನಂತೆ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಮಿಸೆಸ್ ಪಿಂಚ್‌ಬೆಕ್, ನಮಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಖಂಡಿತ ಮುಟ್ತಿರಲಿಲ್ಲ.”

“ಎಲ್ಲಿ ಹಾಕಿದ್ದೀರ?”

“ನಮ್ಮಲ್ಲಿ ನೊರಜು ತೀರಾ ಸವೆದಿದ್ದದ್ದು ಒಂದೇ ಕಡೆ. ನಿಮ್ಮದೆಲ್ಲ ಅಲ್ಲಿಗೇ ಹೋಯ್ತು.” ಅವನು ಕೈ ಮಾಡಿದ. “ಮೂರನೇ ತಿರುವು.”

ಥೆಲ್ಮಾ ಅವನ ಮುಖವನ್ನೇ ನೋಡಿದಳು. “ಎಲ್ಲಿಂದ ಎಣಿಸಿ?”

“ಶುರುವಿನ ಗೆರೆಯಿಂದ. ಇನ್ನೆಲ್ಲಿಂದ ಎಣಿಸ್ತಾರೆ?”

ಅವಳು ಟಿಕೆಟ್ ಕಿಂಡಿಗೆ ಹೋಗಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡಳು. ಸ್ಕ್ರಿಮ್ಶಾ ಬೇಡ ಬೇಡ ಎಂದು ಹಿಂದೆ ಓಡಿಬಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ತಿರುವಿನ ಮೆಟ್ಟಿಲು ಹತ್ತಿದೆವು. ಸುತ್ತಲೂ ಕಿತ್ತಳೆ. ಒಬ್ಬ ಬೊಕ್ಕತಲೆಯವನು ನಮ್ಮ ಮಫ್ಲರು ಕಂಡು ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದ.

“ಏನಮ್ಮಾ, ಕೊಕ್ಕರೆ ದಾರಿ ತಪ್ಪಿ ಬಂತಾ? ನಿಮ್ಮ ಕೊಳ ಬತ್ತೋಯ್ತಂತಲ್ಲ!”

“ದಾರಿ ತಪ್ಪಿದ್ದು ನಾನಲ್ಲಪ್ಪ, ನನ್ನ ಗಂಡ. ಅಗೋ ಅಲ್ಲಿ ಬಿದ್ದಿದ್ದಾನೆ, ನಿಮ್ಮ ಹಾದೀಲಿ. ನಿಮ್ಮ ಹುಡುಗರಿಗೆ ಹೇಳು, ಸ್ವಲ್ಪ ಜೋರಾಗಿ ಓಡಿಸ್ಲಿ. ನಿಧಾನ ಓಡಿಸಿದ್ರೆ ಅವನಿಗೆ ಆಗಲ್ಲ.”

ಬೊಕ್ಕತಲೆಯವನಿಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು, ಆಮೇಲೆ ಮುಖ ಬಿಳುಚಿಕೊಂಡಿತು. ಸುದ್ದಿ ಮೆಟ್ಟಿಲಿಂದ ಮೆಟ್ಟಿಲಿಗೆ ಹೋಯಿತು. ಅವನ ಹೆಂಡತಿ ಬಂದು ಥೆಲ್ಮಾಳ ಕೈಗೆ ಒಂದು ಕಪ್ಪು ಚಹಾ ಕೊಟ್ಟು, ಹೋಗಿ ತನ್ನ ಜಾಗದಲ್ಲಿ ನಿಂತಳು.

ಆಗಲೇ ಥೆಲ್ಮಾ ನನ್ನ ತೋಳು ಹಿಡಿದದ್ದು. ಬೆರಳು ಮೂಳೆಗೆ ಇಳಿಯುವ ಹಾಗೆ ಹಿಡಿದಳು.

“ಹರ್ಬಿ, ಸುತ್ತ ನೋಡು.”

ನೋಡಿದೆ. ಅಲ್ಲಿಯವರೆಗೂ ನಾನು ಕಿತ್ತಳೆ ಬಣ್ಣವನ್ನು ನೋಡಿದ್ದೆನೇ ಹೊರತು ಜನರನ್ನು ನೋಡಿರಲಿಲ್ಲ. ನಮ್ಮ ಮೆಟ್ಟಿಲು ಬಿಟ್ಟರೆ ಆಚೆ ತಿರುವು ಪೂರ್ತಿ ಖಾಲಿ. ಹಿಂಬದಿಯ ಕಟ್ಟೆಯ ಸಂದುಗಳಲ್ಲಿ ಮುಳ್ಳುಗಿಡ ಬೆಳೆದಿತ್ತು. ಗಾಜಿನ ಹಿಂದೆ ಕುರ್ಚಿಗಳಿಗೆ ಪ್ಲಾಸ್ಟಿಕ್ ಹೊದಿಸಿತ್ತು. ಗುಡ್ ಫ್ರೈಡೇ ದಿನ, ಋತುವಿನ ಮೊದಲ ಪಂದ್ಯ. ಇರುವವರೆಲ್ಲ ನರೆತ ತಲೆಗಳು, ನಮ್ಮ ಹಾಗೆಯೇ ಬೆಚ್ಚಗಿರಲು ಒಂದೇ ಕಡೆ ಒತ್ತಿಕೊಂಡು ನಿಂತಿದ್ದರು. ನಮ್ಮನ್ನು ನುಂಗಿ ನರಿ ಕೊಬ್ಬಿದೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ನರಿಯ ಪಕ್ಕೆಲುಬು ಎಣಿಸಬಹುದಾಗಿತ್ತು.

“ಇವರೂ ಇಷ್ಟೇನಾ?” ಎಂದಳು. ಅಂದು ನಮ್ಮ ಮೈದಾನದ ಜೇಡಿಯ ಮುಂದೆ ಕಂಡದ್ದಕ್ಕಿಂತ ದೊಡ್ಡ ದಿಗಿಲು ಅವಳ ಕಣ್ಣಿನಲ್ಲಿತ್ತು. “ಇವರನ್ನ ಬೈಕೊಂಡೇ ನಾವು ಬದುಕಿದ್ವಲ್ಲೋ. ಇವರೂ ಹೋದ್ರೆ?”

ನಾನು ಹಾದಿಯತ್ತ ತಿರುಗಿದೆ.

ಟೇಪು ಎದ್ದಿತು. ನಾಲ್ಕು ಬೈಕು ಒಟ್ಟಿಗೆ ಚೀರಿದವು. ಬೈಕಿನ ಸುಟ್ಟ ಎಣ್ಣೆಯ ಆ ಕಮಟು ವಾಸನೆ ಮೂಗಿಗೆ ಬಡಿದಾಗ ನನ್ನ ಕಣ್ಣು ತುಂಬಿತು. ಒಂದನೆಯ ತಿರುವು, ಎರಡನೆಯದು, ಹಿಂಬದಿಯ ನೇರ. ಸದ್ದು ನಮ್ಮ ಕಡೆ ಬಂತು. ಮೆಟ್ಟಿಲ ಮೇಲಿನ ಅಷ್ಟೂ ನರಿಗಳ ಎಡಗೈ ಕಪ್ಪು ಮುಚ್ಚಿತು. ಅವರಲ್ಲೂ ಅದೇ ಪದ್ಧತಿ! ಇಷ್ಟು ವರ್ಷ ನಾವೊಬ್ಬರೇ ಅಂದುಕೊಂಡಿದ್ದೆವು. ಥೆಲ್ಮಾಳ ಎಡಗೈಯೂ ತಾನಾಗಿ ಎದ್ದಿತು. ಆದರೆ ಕಪ್ಪಿನ ಮೇಲೆ ಬಂದು ನಿಂತಿತು, ಹಿಂದಕ್ಕೆ ಹೋಯಿತು. ಅವಳು ಕಪ್ಪನ್ನು ತೆರೆದೇ ಹಿಡಿದಳು.

ಎರಚಲು ಬಂತು. ಮುಖಕ್ಕೆ, ಮಫ್ಲರಿಗೆ, ಕೊಕ್ಕರೆಗೆ, ಚಹಾಕ್ಕೆ.

ಯಾರೂ ಕೂಗಲಿಲ್ಲ. ಅಲ್ಲಿ ಕೂಗಬೇಕೆಂದು ಗೊತ್ತಿದ್ದವನು ನಾನೊಬ್ಬನೇ. ನಾನು ಅವಳ ಮುಖ ನೋಡಿದೆ. ಥೆಲ್ಮಾ ತಾನೇ ಮೆಲ್ಲಗೆ, “ಬಂದೆಯಾ ಸಿರಿಲ್” ಎಂದಳು. ಕಪ್ಪಿನ ಚಹಾವನ್ನು ತಳದವರೆಗೂ ಕುಡಿದಳು. ಹಲ್ಲಿನ ನಡುವೆ ನೊರಜು ಕರಕರ ಎಂದದ್ದು ನನಗೆ ಕೇಳಿಸಿತು.

ಪಂದ್ಯ ಮುಗಿದ ಮೇಲೆ ಸ್ಕ್ರಿಮ್ಶಾ ಮೆಟ್ಟಿಲ ಬುಡದಲ್ಲಿ ಬಂದು ನಿಂತ. ಹಿಂದೆ ಇಬ್ಬರು ಆಳುಗಳು, ಸಲಿಕೆ ಹಿಡಿದು.

“ನಿಮ್ಮ ನೊರಜು ಇನ್ನೂ ಮೇಲೇ ಇದೆ, ನಮ್ಮದಕ್ಕಿಂತ ಕೆಂಪು, ಗುರುತು ಸಿಗತ್ತೆ. ಎಷ್ಟು ಬೇಕೋ ತೋರಿಸಿ, ತೆಗೆದು ಬಕೆಟ್‌ಗೆ ಹಾಕಿಕೊಡ್ತಾರೆ. ಬೇಡ, ಇಲ್ಲೇ ಇರ್ಲಿ ಅಂದ್ರೆ ಬೇಲಿ ಮೇಲೆ ಅವರ ಹೆಸರಿನ ಫಲಕ ಹಾಕಿಸ್ತೀನಿ. ನಿಮಗೆ ಗಾಜಿನ ಹಿಂದೆ ಕುರ್ಚಿ, ಬದುಕಿರೋವರೆಗೂ ಟಿಕೆಟ್‌ಗೆ ದುಡ್ಡಿಲ್ಲ. ಪ್ರತಿ ಪಂದ್ಯಕ್ಕೂ ನಮ್ಮ ಕಾರು ಮನೆ ಬಾಗಿಲಿಗೆ ಬರತ್ತೆ. ಇಷ್ಟಾದ್ರೂ ಮಾಡೋಕೆ ಬಿಡಿ ಮಿಸೆಸ್ ಪಿಂಚ್‌ಬೆಕ್.”

ಮನುಷ್ಯನ ದನಿಯಲ್ಲಿ ಕಪಟ ಇರಲಿಲ್ಲ. ಆಳುಗಳೂ ಟೊಪ್ಪಿ ತೆಗೆದಿದ್ದರು. ಥೆಲ್ಮಾ ಬಕೆಟ್ಟಿನೊಳಗಿನ ಬನ್ನು ತೆಗೆದು ಮೂರು ಪಾಲು ಮಾಡಿ ಆ ಆಳುಗಳಿಗೊಂದೊಂದು, ಸ್ಕ್ರಿಮ್ಶಾನಿಗೊಂದು ಕೊಟ್ಟಳು. ಖಾಲಿ ಬಕೆಟ್ಟನ್ನು ನನ್ನ ಕೈಗೆ ದಾಟಿಸಿದಳು. ತುಟಿಯ ಮೇಲಿನ ಕೆಂಪನ್ನು ಒರೆಸಿಕೊಳ್ಳಲಿಲ್ಲ.

“ಬೇಡ ಕಣಪ್ಪ. ಸಲಿಕೆ ಎತ್ತಿಡು. ಒಂದ್ಸಲ ಕೆರೆದು ತಂದಿದ್ದೀರ, ಇನ್ನೊಂದ್ಸಲ ಕೆರೀಬೇಡಿ ಅವನನ್ನ. ಹಿತ್ತಲಲ್ಲಿ ಸುರ್ಕೊಂಡು ನಾನೇನು ಮಾಡ್ಲಿ? ಅಲ್ಲಿ ಅವನ ಮೇಲೆ ಬೈಕ್ ಯಾರು ಓಡಿಸ್ತಾರೆ? ಫಲಕ ಬೇಡ, ಆ ಹೆಸರು ನಿಮ್ಮ ಬೇಲಿ ಮೇಲೆ ಕಂಡ್ರೆ ಅವನು ಎದ್ದು ಬರ್ತಾನೆ. ಕುರ್ಚಿ ಬೇಡ, ನನಗೆ ಕಾಲಿದೆ. ಕಾರು ಬೇಡ, ಬಸ್ಸಿದೆ. ಬಸ್ಸು ನಿಂತ್ರೆ ಹರ್ಬಿ ಇದ್ದಾನೆ, ಹರ್ಬಿ ನಿಂತ್ರೆ ಆಗ ನೋಡೋಣ. ಟಿಕೆಟ್‌ಗೆ ದುಡ್ಡು ಕೊಟ್ಟೇ ಬರ್ತೀನಿ. ಪುಕ್ಕಟೆ ಒಳಗೆ ಬಿಟ್ಕೊಂಡ್ರೆ ನಿಮ್ಮ ನರಿಗಳು ಸೋತಾಗ ಯಾವ ಮುಖ ಇಟ್ಕೊಂಡು ಬೈಲಿ ನಾನು?”